‘ಇಲ್ಲ’ ಅನ್ನೋಕೆ ಬರೋ ವೆಬ್‌ಸೈಟ್

ದೀಪಾವಳಿ ದಾಟಿತು ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬಸ್ಸಿನ ಟೈಮಿಗೆ ಅರ್ಧ ಗಂಟೆ ಸೇರಿಸಿಯೇ ಹೇಳಬೇಕು. ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್ ಮುಂದೆ ಸಿಕ್ಕರೆ ಯಾವ ಡ್ರೈವರೂ ಏನೂ ಮಾಡುವ ಹಾಗಿಲ್ಲ. ಬೆಂಗಳೂರಿನ ನನ್ನ ಆಫೀಸಿನಲ್ಲಿ ಬಾಗಲಕೋಟೆ ಜಿಲ್ಲೆ ಅಂದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಸ್ವಲ್ಪ ಹೆಚ್ಚು ಗೊತ್ತಿದ್ದವರು ಇಳಕಲ್ ಸೀರೆ, ಮುಧೋಳ ನಾಯಿ ಅನ್ನುತ್ತಾರೆ. ಕಬ್ಬು ಕಡಿಯುವ ಕೊಯ್ತಾದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ನಮ್ಮ ಕಡೆ ಸಕ್ಕರೆ ಕಾರ್ಖಾನೆ ತಿರುಗಬೇಕಾದರೆ ಮೊದಲು ಹೊಲದಲ್ಲಿ ಕೊಯ್ತಾ ಬೀಸಬೇಕು. ಕೊಯ್ತಾ ಬೀಸಬೇಕಾದರೆ ಅದಕ್ಕೂ ಮೊದಲು ಯಾವುದೋ ಕುಲುಮೆಯಲ್ಲಿ ಕಬ್ಬಿಣ ಕೆಂಪಗಾಗಿರಬೇಕು.

ಈ ಅಂಕಣದಲ್ಲಿ ಸಾಮಾನ್ಯವಾಗಿ ಆ್ಯಪ್, ಪಾಸ್‌ವರ್ಡ್, ಆಫೀಸಿನ ತಲೆನೋವುಗಳ ಬಗ್ಗೆ ಬರೆಯುತ್ತೇನೆ. ಈ ಸಲ ಕುಲುಮೆ. ಯಾಕೆಂದರೆ ಕಳೆದ ವರ್ಷ ನಾನು ಮಾಡಿದ ಅತ್ಯಂತ ಚಿಕ್ಕ ಪ್ರಾಜೆಕ್ಟ್ ಒಬ್ಬ ಕಂಬಾರರ ವೆಬ್‌ಸೈಟು. ಕೋಡ್ ಬರೆಯಲು ಎರಡು ದಿನ ಸಾಕಾಯಿತು. ಏನು ಬರೆಯಬೇಕು ಅಂತ ತಿಳಿಯಲು ಎರಡು ತಿಂಗಳು ಹಿಡಿಯಿತು.

ದಕ್ಷಿಣದವರು ಕಮ್ಮಾರ ಅನ್ನುತ್ತಾರೆ, ನಾವು ಕಂಬಾರ. ಚಂದ್ರಶೇಖರ ಕಂಬಾರರ ಹೆಸರಿನಲ್ಲಿರುವ ಕಂಬಾರ ಇದೇ. ನಾನು ಹೇಳುತ್ತಿರುವ ಕಂಬಾರ ಕಾಕಾ ಇರುವುದು ಜಮಖಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಅಜ್ಜನ ಕಾಲದಲ್ಲಿ ಆ ಮನೆಯವರಿಗೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು. ವರ್ಷಪೂರ್ತಿ ಕುಡ, ಕುರಪಿ, ಕುಡಗೋಲು ಹರಿತ ಮಾಡಿಕೊಟ್ಟಿದ್ದಕ್ಕೆ ರಾಶಿಯಿಂದ ಇಷ್ಟು ಜೋಳ ಅಂತ ಲೆಕ್ಕ. ಈಗ ಆಯ ಇಲ್ಲ, ಯುಪಿಐ ಇದೆ. ಮುಂಗಾರಿನ ಮುಂದೆ ಕುರಪಿ, ಕುಡಗೋಲು. ಖಂಡೇಪೂಜೆ ಆದಮೇಲೆ ಕೊಯ್ತಾ. ಕಾಕಾನ ವರ್ಷ ಇಷ್ಟೇ.

ಕಾಕಾನ ಮಗ ಐಟಿಐ ಮುಗಿಸಿದ್ದಾನೆ. ಪುಣೆ ಹತ್ತಿರದ ಚಾಕಣದಲ್ಲಿ ಒಂದು ಕಂಪನಿಯ ಕೆಲಸ ಕೈಗೆ ಬಂದಿತ್ತು. ಊರಲ್ಲಿ ನೋಡಿದರೆ ಕಬ್ಬು ಕಟಾವು ಮಾಡುವ ಯಂತ್ರಗಳು ಬರುತ್ತಿವೆ, ಸಂತೆಯಲ್ಲಿ ಕಾರ್ಖಾನೆಯ ಕುಡಗೋಲು ಅರ್ಧ ಬೆಲೆಗೆ ಸಿಗುತ್ತದೆ. ಇನ್ನೊಂದು ಕಡೆ, ಒಮ್ಮೆ ಯಾರೋ ಸಂಬಂಧಿಕರು ಕಾಕಾನ ಕೈಯಲ್ಲಿ ಮಾಡಿಸಿಕೊಂಡ ಅಡುಗೆ ಚಾಕು ಬೆಂಗಳೂರಿಗೆ ಹೋಗಿ, ಅಲ್ಲಿಂದ ಅದರ ಫೋಟೋ ನಾಲ್ಕು ಗ್ರೂಪು ಸುತ್ತಿ, ಹತ್ತು ಜನ ಫೋನ್ ಮಾಡಿದ್ದರು. ಹುಡುಗ ನನಗೆ ಕೇಳಿದ: ‘ಅಣ್ಣಾ, ಒಂದು ವೆಬ್‌ಸೈಟ್ ಮಾಡಿ ಕೊಡ್ತೀ ಏನ? ಇದರಾಗ ಹೊಟ್ಟಿ ತುಂಬತೈತಿ ಅಂದ್ರ ನಾ ಇಲ್ಲೇ ಇರತೀನಿ.’

ಬರೀ ವೆಬ್‌ಸೈಟ್ ಅಂದಿದ್ದರೆ ಒಂದು ರೆಡಿಮೇಡ್ ಟೆಂಪ್ಲೇಟ್ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕೊನೆಯ ವಾಕ್ಯ ಕೇಳಿದ ಮೇಲೆ ಹಾಗೆ ಮಾಡಲು ಆಗಲಿಲ್ಲ.

ಮೊದಲು ಲ್ಯಾಪ್‌ಟಾಪ್ ಮುಚ್ಚಿ

ಹುಡುಗ ಆಗಲೇ ಒಂದು ಏಜೆನ್ಸಿಯ ಕೊಟೇಶನ್ ತಂದಿದ್ದ. ಮುಖಪುಟದಲ್ಲಿ ತಾನೇ ಸರಿಯುವ ದೊಡ್ಡ ದೊಡ್ಡ ಚಿತ್ರ, ಕಿಡಿ ಹಾರುವ ವಿಡಿಯೋ, ‘ಕಾರ್ಟ್‌ಗೆ ಸೇರಿಸಿ’ ಬಟನ್, ಚಾಟ್‌ಬಾಟ್. ನೋಡಲು ಚೆಂದವೇ. ಆದರೆ ಅದರಲ್ಲಿ ಕಾಕಾ ಎಲ್ಲೂ ಇರಲಿಲ್ಲ. ಹೆಸರು ಬದಲಿಸಿದರೆ ಅದೇ ಸೈಟು ಚಪ್ಪಲಿ ಅಂಗಡಿಗೂ ನಡೆಯುತ್ತಿತ್ತು.

ನಾನು ಎರಡು ವಾರಾಂತ್ಯ ಕುಲುಮೆಯ ಮೂಲೆಯಲ್ಲಿ ಸುಮ್ಮನೆ ಕೂತೆ. ಬಂದವರು ಏನು ಕೇಳುತ್ತಾರೆ, ಕಾಕಾ ತಿರುಗಿ ಏನು ಕೇಳುತ್ತಾರೆ, ಇಷ್ಟನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಗಿರಾಕಿಗಳ ಪ್ರಶ್ನೆ ಬಹುತೇಕ ಐದೇ: ಯಾವ ಕಬ್ಬಿಣದ್ದು? ಎಷ್ಟು ತೂಕ? ಎಷ್ಟು ದುಡ್ಡು? ಯಾವಾಗ ಸಿಗತೈತಿ? ಬಾಯಿ ಹೋದ್ರ ಮತ್ತ ಮಾಡಿ ಕೊಡ್ತೀರೇನು?

ಕಾಕಾ ತಿರುಗಿ ಕೇಳುವುದು ಮೂರು: ಯಾವ ಕೆಲಸಕ್ಕ? ಯಾರು ಹಿಡಿಯವ್ರು? ಎಡಗೈಯವ್ರೋ ಬಲಗೈಯವ್ರೋ?

ಈ ಮೂರನೆಯ ಪ್ರಶ್ನೆ ನನಗೆ ಹೊಸದು. ಒಂದೇ ಮಗ್ಗುಲಿಗೆ ಸಾಣೆ ಹಿಡಿದ ಅಲಗು ಬಲಗೈಯವರಿಗೆ ನೇರ ಇಳಿಯುತ್ತದೆ, ಎಡಗೈಯವರಿಗೆ ಓರೆ ಹೋಗುತ್ತದೆ. ಕಬ್ಬು ಕಡಿಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಕಬ್ಬನ್ನು ನೆಲಕ್ಕೆ ಹತ್ತಿ ಕಡಿಯಬೇಕು. ಬುಡದ ಗಣಿಕೆಯಲ್ಲೇ ಸಕ್ಕರೆ ಹೆಚ್ಚು, ಮೇಲೆ ಕಡಿದರೆ ಇಳುವರಿಯೂ ಹೋಯಿತು, ಮುಂದಿನ ಕೂಳೆ ಬೆಳೆಯೂ ಕೆಟ್ಟಿತು. ದಿನವಿಡೀ ಬಗ್ಗಿ ಬೀಸುವ ಕೈಗೆ ಹಿಡಿಯ ಉದ್ದ, ತುದಿಯ ಭಾರ ಎರಡೂ ಲೆಕ್ಕಕ್ಕೆ ಬರುತ್ತವೆ. ಮಹಾರಾಷ್ಟ್ರದ ಕಬ್ಬಿನ ಗ್ಯಾಂಗುಗಳಲ್ಲಿ ಮುಂಗಡ ಕೊಟ್ಟು ಕರೆತರುವ ಗಂಡ-ಹೆಂಡತಿ ಜೋಡಿಗೇ ‘ಒಂದು ಕೊಯ್ತಾ’ ಅನ್ನುತ್ತಾರೆ. ಮನುಷ್ಯರನ್ನೇ ಉಪಕರಣದ ಹೆಸರಿನಿಂದ ಎಣಿಸುವಷ್ಟು ಆ ಕೆಲಸ, ಆ ಕಬ್ಬಿಣ ಒಂದಾಗಿಬಿಟ್ಟಿವೆ.

ಅಲ್ಲಿಗೆ ಸೈಟಿನ ನಕ್ಷೆ ಸಿದ್ಧವಾಯಿತು. ಗಿರಾಕಿಯ ಐದು ಪ್ರಶ್ನೆ ಪುಟಗಳಾದವು, ಕಾಕಾನ ಮೂರು ಪ್ರಶ್ನೆ ಆರ್ಡರ್ ಫಾರ್ಮ್ ಆಯಿತು. ಕೈಯಿಂದ ಏನನ್ನಾದರೂ ಮಾಡಿ ಮಾರುವವರ ವೆಬ್‌ಸೈಟ್ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಈಗ ಇಷ್ಟೇ. ಅಂಗಡಿಯ ಹೊಸ್ತಿಲಲ್ಲಿ ನಡೆಯುವ ಮಾತುಕತೆಯನ್ನು, ಅಲ್ಲಿಗೆ ಬರಲಾಗದವರಿಗೆ ತಲುಪಿಸುವುದು.

ಮುಖಪುಟದಲ್ಲಿ ಮೂರೇ ವಿಷಯ

ಫೋನಿನಲ್ಲಿ ಸೈಟು ತೆರೆದವರು ಬೆರಳು ಸರಿಸುವ ಮೊದಲೇ ಮೂರು ತಿಳಿಯಬೇಕು: ಇಲ್ಲಿ ಏನು ಸಿಗುತ್ತದೆ, ಯಾರು ಮಾಡುತ್ತಾರೆ, ಹೇಗೆ ಕೇಳಬೇಕು. ನಾವು ಬರೆದ ಸಾಲು ಹೀಗಿದೆ: ‘ಕಬ್ಬು ಕಡಿಯುವ ಕೊಯ್ತಾ, ಕುಡಗೋಲು, ಅಡುಗೆ ಚಾಕು. ಕೈಯಿಂದ ಬಡಿದು, ನೀವು ಹೇಳಿದ ಅಳತೆಗೆ.’ ಕೆಳಗೆ ಒಂದು ಫೋಟೋ, ಒಂದು ಫೋನ್ ನಂಬರ್. ‘ಪರಂಪರೆ’, ‘ಶ್ರೇಷ್ಠತೆ’, ‘ವಿಶ್ವದರ್ಜೆ’ ಇಂಥ ಪದಗಳಿಗೆ ಜಾಗ ಕೊಡಲಿಲ್ಲ. ಅವು ಯಾರ ಪ್ರಶ್ನೆಗೂ ಉತ್ತರ ಅಲ್ಲ.

ಭಾಷೆ ಕನ್ನಡವೇ ಮೊದಲು. ಸಾಂಗ್ಲಿ, ಮಿರಜ್ ಕಡೆಯಿಂದ ಬರುವವರಿಗೆ ಮರಾಠಿಯಲ್ಲಿ ಒಂದು ಪುಟ, ಬೆಂಗಳೂರಿನ ಅಡುಗೆಮನೆಗಳಿಗೆ ಇಂಗ್ಲಿಷಿನಲ್ಲಿ ಒಂದು ಪುಟ. ಕನ್ನಡಕ್ಕೆ ಬೇರೆ ಫಾಂಟ್ ಜೋಡಿಸಲಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಅಕ್ಷರ ಮೊದಲೇ ಇರುತ್ತದೆ, ಅದನ್ನೇ ಬಳಸಿದರೆ ಪುಟ ಬೇಗ ತೆರೆಯುತ್ತದೆ. ಇನ್ನು ಹುಡುಕಾಟ. ಕೊಯ್ತಾ ಅನ್ನುವುದನ್ನು ಜನ ಇಂಗ್ಲಿಷ್ ಅಕ್ಷರದಲ್ಲಿ ಮೂರ್ನಾಲ್ಕು ತರಹ ಟೈಪ್ ಮಾಡುತ್ತಾರೆ, ಕನ್ನಡದಲ್ಲಿ ಕೊಯ್ತ, ಕೊಯ್ತಾ, ಕೋಯ್ತಾ ಅಂತ ಬರೆಯುತ್ತಾರೆ. ಚಾಕು, ಚೂರಿ, ಈಳಿಗೆ, ಈಳಿಗಿ ಎಲ್ಲವೂ ಇವೆ. ಈ ಎಲ್ಲ ರೂಪಗಳೂ ಪುಟದ ವಾಕ್ಯಗಳಲ್ಲಿ ಸಹಜವಾಗಿ ಬರುವ ಹಾಗೆ ಬರೆದೆವು. ಕೊನೆಯಲ್ಲಿ ನೂರು ಪದಗಳ ಗುಡ್ಡೆ ಹಾಕುವುದರಿಂದ ಗೂಗಲ್‌ಗೂ ಉಪಯೋಗ ಇಲ್ಲ, ಓದುವವರಿಗೂ ಇಲ್ಲ. ಗೂಗಲ್ ಮ್ಯಾಪ್‌ನಲ್ಲಿ ಕುಲುಮೆಯ ಜಾಗ ಗುರುತಿಸಿ, ತೆರೆದಿರುವ ಸಮಯ ಹಾಕಿದ್ದು ಇದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಅದಕ್ಕೆ ಕೋಡ್ ಬೇಡ, ದುಡ್ಡೂ ಬೇಡ.

ಫೋಟೋ: ಕಿಡಿ ಬೇಡ, ಬೆಳಕು ಬೇಕು

ಚಾಕುವಿನ ಫೋಟೋ ಕಷ್ಟ, ಯಾಕೆಂದರೆ ಉಕ್ಕು ಕನ್ನಡಿಯ ಹಾಗೆ. ಫ್ಲ್ಯಾಶ್ ಹಾಕಿದರೆ ಬಿಳಿ ಚುಕ್ಕೆ, ಬಿಸಿಲಿಗೆ ಹಿಡಿದರೆ ಫೋನು ಹಿಡಿದವನ ಮುಖವೇ ಅಲಗಿನಲ್ಲಿ. ಬೆಳಗ್ಗೆ ಪಡಸಾಲೆಯ ನೆರಳಿನಲ್ಲಿ, ಬಿಳಿ ಧೋತರ ಹಾಸಿ ತೆಗೆದರೆ ಸಾಕು. ಪ್ರತಿ ವಸ್ತುವಿಗೂ ನಾಲ್ಕು ಫೋಟೋ ಅಂತ ನಿಯಮ ಮಾಡಿಕೊಂಡೆವು: ಪೂರ್ತಿ ವಸ್ತು ಪಕ್ಕದಲ್ಲಿ ಅಳತೆ ಪಟ್ಟಿಯ ಜೊತೆ, ಮೇಲಿನಿಂದ ಬೆನ್ನು, ದಪ್ಪ ಕಾಣುವಂತೆ, ಹಿಡಿ ಮತ್ತು ಅಲಗು ಕೂಡುವ ಜಾಗ ಹತ್ತಿರದಿಂದ, ಒಬ್ಬರ ಕೈಯಲ್ಲಿ ಹಿಡಿದದ್ದು. ಕೈ ಕಂಡರೆ ಗಾತ್ರ ತಾನೇ ತಿಳಿಯುತ್ತದೆ. ಕೊಯ್ತಾ ಹಿಡಿದ ಕೈ ಪಕ್ಕದ ಹೊಲದ ಅವ್ವನದು. ಒಪ್ಪಿಗೆ ಕೇಳಿದಾಗ ‘ಮುಖ ತಗೀಬ್ಯಾಡ, ಬಳಿ ಕಾಣಲಿ’ ಅಂದರು. ಹಾಗೇ ತೆಗೆದೆವು.

ಫೋನಿನಲ್ಲಿ ತೆಗೆದ ಒಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಅದನ್ನು ಹಾಗೇ ಏರಿಸಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಅಗಲ ಕಡಿಮೆ ಮಾಡಿ ವೆಬ್‌ಪಿ ರೂಪಕ್ಕೆ ಬದಲಿಸಿದರೆ ಸುಮಾರು 100 ಕೆಬಿಗೆ ಇಳಿಯುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮುಖಪುಟ ಒಟ್ಟು ಅರ್ಧ ಎಂಬಿ ಮೀರಬಾರದು ಅಂತ ಇಟ್ಟುಕೊಂಡೆ. ಪರೀಕ್ಷೆ ಮಾಡಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಅಲ್ಲ, ಪಕ್ಕದ ಚಹಾ ಅಂಗಡಿಯವರ ಗಾಜು ಒಡೆದ ಫೋನಿನಲ್ಲಿ.

ಉಕ್ಕಿನ ಬಗ್ಗೆ ಸುಳ್ಳು ಬೇಡ

ಇವತ್ತು ಚಾಕು ಮಾರುವ ಅರ್ಧ ಸೈಟುಗಳಲ್ಲಿ ‘ಡಮಾಸ್ಕಸ್’ ಅನ್ನುವ ಪದ ಇದೆ. ಹುಡುಗನಿಗೂ ಅದನ್ನು ಹಾಕುವ ಆಸೆ. ಈ ಪದದ ಹಿಂದೆ ನಮ್ಮದೇ ಕತೆ ಇದೆ. ಹಳೆಯ ಡಮಾಸ್ಕಸ್ ಖಡ್ಗಗಳಿಗೆ ದಕ್ಷಿಣ ಭಾರತದಿಂದ ಹೋಗುತ್ತಿದ್ದ ಮೂಸೆಯ ಉಕ್ಕು ಹೆಸರುವಾಸಿ. ಯುರೋಪಿನವರು ಅದನ್ನು ‘ವೂಟ್ಜ್’ ಅಂದರು. ಆ ಪದ ಬಂದಿದ್ದು ಕನ್ನಡದ ‘ಉಕ್ಕು’ ಶಬ್ದದಿಂದ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಆದರೆ ಈಗ ಡಮಾಸ್ಕಸ್ ಹೆಸರಿನಲ್ಲಿ ಮಾರುವುದು ಬಹುಪಾಲು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಅದು ಬೇರೆ ವಿದ್ಯೆ. ಕಾಕಾ ಮಾಡುವುದು ಅದೂ ಅಲ್ಲ, ವೂಟ್ಜೂ ಅಲ್ಲ.

ಕಾಕಾ ಬಳಸುವುದು ಹಳೆಯ ಲಾರಿಯ ಕಮಾನು ಪಟ್ಟಿ. ಹುಡುಗನಿಗೆ ಅದು ಸಂಕೋಚ, ‘ಗುಜರಿ ಅಂತಾರ ಅಣ್ಣಾ’ ಅಂದ. ನಿಜ ಹೇಳಬೇಕೆಂದರೆ ಕಮಾನು ಪಟ್ಟಿ ಒಳ್ಳೆಯ ಉಕ್ಕು. ಸಾವಿರಾರು ಸಲ ಬಾಗಿ ಮತ್ತೆ ನೆಟ್ಟಗಾಗಲೆಂದೇ ಮಾಡಿದ್ದು, ಶೇಕಡ ಅರ್ಧಕ್ಕಿಂತ ತುಸು ಹೆಚ್ಚು ಇಂಗಾಲ ಇರುವಂಥದ್ದು. ಕಲ್ಲಿಗೆ ಬಡಿದರೂ ಕೊಯ್ತಾ ಮುರಿಯದೆ ಇರುವುದು ಇದರಿಂದ. ಜಗತ್ತಿನ ಹಲವು ಕಡೆ ಕಮ್ಮಾರರು ಇದನ್ನೇ ಆರಿಸಿಕೊಳ್ಳುತ್ತಾರೆ.

ಇನ್ನು ಹದ. ಕಾಕಾ ಅಲಗನ್ನು ಕಾಯಿಸಿ, ಒಂದು ಅಯಸ್ಕಾಂತ ತೋರಿಸುತ್ತಾರೆ. ಅದು ಹಿಡಿಯುವುದು ಬಿಟ್ಟಿತು ಅಂದರೆ ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದೆ ಅಂತ ಅರ್ಥ. ಆಮೇಲೆ ಇನ್ನೊಂದಿಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅಲಗು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಬೇಗ ಒಡೆಯುವಂಥದ್ದು. ಮತ್ತೆ ಹದವಾಗಿ ಕಾಯಿಸಿದಾಗ ಉಜ್ಜಿದ ಮೈ ಮೇಲೆ ಬಣ್ಣ ಓಡುತ್ತದೆ: ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ಅಡುಗೆ ಚಾಕುವಿಗೆ ಹುಲ್ಲಿನ ಬಣ್ಣಕ್ಕೇ ನಿಲ್ಲಿಸಬೇಕು, ಪೆಟ್ಟು ತಿನ್ನುವ ಕೊಯ್ತಾವನ್ನು ನೀಲಿಯ ಕಡೆಗೆ ಒಯ್ಯಬೇಕು. ನಾನು ಇಂಜಿನಿಯರಿಂಗಿನಲ್ಲಿ ಇದನ್ನು ಗ್ರಾಫ್ ನೋಡಿ ಓದಿದ್ದೆ. ಕಾಕಾ ಬಣ್ಣ ನೋಡಿ ಓದುತ್ತಾರೆ.

ಇದನ್ನೆಲ್ಲ ಹೀಗೇ, ಸರಳ ಕನ್ನಡದಲ್ಲಿ ಸೈಟಿನಲ್ಲಿ ಹಾಕಿದೆವು. ‘ಲಾರಿಯ ಕಮಾನು ಪಟ್ಟಿಯಿಂದ ಮಾಡಿದ್ದು’ ಅಂತ ದಪ್ಪಕ್ಷರದಲ್ಲೇ ಬರೆದೆವು. ಯಂತ್ರದಲ್ಲಿ ಅಳೆಯದೆ ಗಡಸುತನದ ಅಂಕಿ ಹಾಕಲಿಲ್ಲ. ಜೊತೆಗೆ ಒಂದು ಎಚ್ಚರಿಕೆ: ಇದು ಸ್ಟೀಲ್ ತಟ್ಟೆಯ ಹಾಗೆ ತುಕ್ಕು ಹಿಡಿಯದ ಉಕ್ಕಲ್ಲ. ಟೊಮ್ಯಾಟೊ, ಲಿಂಬೆ ಹೆಚ್ಚಿ ಹಾಗೇ ಸಿಂಕಿನಲ್ಲಿ ಬಿಟ್ಟರೆ ಕಪ್ಪಾಗುತ್ತದೆ. ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಬೇಕು. ಈ ಪುಟ ಓದಿ ಕೆಲವರು ಕೊಳ್ಳದೆ ಹೋಗಿರಬಹುದು. ಓದಿ ಕೊಂಡವರಲ್ಲಿ ಒಬ್ಬರೂ ತುಕ್ಕಿನ ಬಗ್ಗೆ ಜಗಳ ತೆಗೆದಿಲ್ಲ.

ಬಟನ್ ಅಲ್ಲ, ಪಾಳಿ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ಸಂಜೆ ಕಾಕಾ ಕೇಳಿದರು: ‘ತಮ್ಮಾ, ಬಾಗಲಿಗೆ ಬಂದವರಿಗೆ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ಹೂಂ ಅಂತೀನಿ, ಆಮ್ಯಾಲ ರಾತ್ರಿ ಕೂತು ಬಡೀತೀನಿ. ಆ ನಿನ್ನ ವೆಬ್‌ಸೈಟಿಗೆ ಇಲ್ಲ ಅನ್ನಾಕ ಬರತೈತೇನು?’

ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಕಲಿಯುವುದು ತದ್ವಿರುದ್ಧ: ಗಿರಾಕಿಗೆ ಒಂದೂ ಅಡ್ಡಿ ಇರಬಾರದು, ಎರಡು ಕ್ಲಿಕ್ಕಿನಲ್ಲಿ ಹಣ ಬೀಳಬೇಕು. ಗೋದಾಮಿನಲ್ಲಿ ಹತ್ತು ಸಾವಿರ ಡಬ್ಬಿ ಇದ್ದವರಿಗೆ ಅದು ಸರಿ. ಎರಡೇ ಕೈ ಇದ್ದವರಿಗೆ ಅದೇ ಉರುಳು. ಒಂದು ರೀಲ್ ವೈರಲ್ ಆಗಿ ಒಂದೇ ರಾತ್ರಿ 200 ಆರ್ಡರ್ ಬಂದವು ಅಂದುಕೊಳ್ಳಿ. ಮುಂಗಡ ಬಂತು, ವಸ್ತು ಹೋಗಲಿಲ್ಲ, ಒಂದೊಂದು ಸ್ಟಾರ್ ಬಿತ್ತು. ಮಾಡಿ ಮುಗಿಸುವ ಅವಸರದಲ್ಲಿ ಹದ ತಪ್ಪಿತು. ಮೂರು ತಲೆಮಾರಿನ ಹೆಸರು ಮೂರು ವಾರದಲ್ಲಿ ಹೋಯಿತು.

ಹಾಗಾಗಿ ಮೊದಲು ಲೆಕ್ಕ ಹಾಕಿದೆವು. ಒಂದು ಅಡುಗೆ ಚಾಕುವಿಗೆ ಬಡಿಯುವುದು, ಹದ, ಸಾಣೆ, ಜಾಲಿ ಕಟ್ಟಿಗೆಯ ಹಿಡಿ ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ದಿನ. ಸೀಜನ್‌ನಲ್ಲಿ ಕೊಯ್ತಾ ಕೆಲಸ ಬಿಡುವ ಹಾಗಿಲ್ಲ. ಊರವರು, ಗ್ಯಾಂಗಿನವರು ಬಾಗಿಲಲ್ಲಿ ನಿಂತಿರುತ್ತಾರೆ, ಅವರಿಗೆ ನಾಳೆ ಅಂದರೆ ಒಂದು ದಿನದ ಕೂಲಿ ಹೋಯಿತು. ಅವರದೇ ಮೊದಲ ಪಾಳಿ. ಉಳಿದದ್ದರಲ್ಲಿ ಸೀಜನ್‌ನಲ್ಲಿ ತಿಂಗಳಿಗೆ 8 ಚಾಕು, ಬೇರೆ ತಿಂಗಳಲ್ಲಿ 15.

ಮುಖಪುಟದ ಮೇಲೆ, ಫೋಟೋಗಿಂತಲೂ ಮೇಲೆ, ಒಂದು ಸಾಲು ಇದೆ: ‘ಈ ತಿಂಗಳ 8 ಚಾಕುಗಳಲ್ಲಿ 6 ಬುಕ್ ಆಗಿವೆ. 2 ಉಳಿದಿವೆ.’ ಎಂಟೂ ಮುಗಿದರೆ ಆರ್ಡರ್ ಜಾಗದಲ್ಲಿ ‘ಮುಂದಿನ ತಿಂಗಳ 1ನೇ ತಾರೀಖಿಗೆ ಮತ್ತೆ ತೆರೆಯುತ್ತದೆ’ ಅಂತ ಬರುತ್ತದೆ. ಕಾರ್ಟ್ ಇಲ್ಲ, ಪೇಮೆಂಟ್ ಗೇಟ್‌ವೇ ಇಲ್ಲ. ಬಟನ್ ಒತ್ತಿದರೆ ವಾಟ್ಸ್ಆ್ಯಪ್ ತೆರೆದು, ಮೊದಲೇ ಬರೆದ ಮೆಸೇಜ್ ಕಾಣುತ್ತದೆ: ಏನು ಬೇಕು, ಯಾವ ಕೆಲಸಕ್ಕೆ, ಎಡಗೈಯೋ ಬಲಗೈಯೋ, ಊರು, ಪಿನ್‌ಕೋಡ್. ಖಾಲಿ ಜಾಗ ತುಂಬಿ ಕಳಿಸಬೇಕು. ಹುಡುಗ ನೋಡಿ, ಮಾತಾಡಿ, ಒಪ್ಪಿದ ಮೇಲೆ ಅರ್ಧ ಹಣ ಯುಪಿಐನಲ್ಲಿ ಮುಂಗಡ. ಬೆಲೆ ಮಾತ್ರ ಎಲ್ಲರಿಗೂ ಕಾಣುವಂತೆ ಬರೆದಿದೆ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಅನ್ನುವುದು ಇಬ್ಬರ ಸಮಯವನ್ನೂ ತಿನ್ನುತ್ತದೆ.

ಇದು ಹಳ್ಳಿಯ ಚಿಕ್ಕ ಕುಲುಮೆಯ ಅನಿವಾರ್ಯತೆ ಅಂದುಕೊಳ್ಳಬೇಡಿ. ಅಮೆರಿಕದ ಬಾಬ್ ಕ್ರೇಮರ್ ಕೈಯಿಂದ ಮಾಡುವ ಅಡುಗೆ ಚಾಕುಗಳಿಗೆ ಜಗತ್ತಿನಾದ್ಯಂತ ಬೇಡಿಕೆ. ಅವರೂ ಹೆಚ್ಚು ಚಾಕು ಮಾಡಲು ಓಡಲಿಲ್ಲ. ಹೆಸರು ಕೊಟ್ಟವರಲ್ಲಿ ಲಾಟರಿ ಎತ್ತಿ, ಹರಾಜು ಹಾಕಿ ಮಾರುವ ದಾರಿ ಹಿಡಿದರು. ಕೈ ಎಷ್ಟು ಮಾಡಬಲ್ಲದೋ ಅಷ್ಟೇ ಅಂತ ಮೊದಲೇ ಹೇಳಿಬಿಟ್ಟರೆ ಕಾಯುವವರು ಕಾಯುತ್ತಾರೆ.

ಲಾಂಗ್ ಕೇಳುವವರು

ಸೈಟು ಶುರುವಾದ ಎರಡನೇ ವಾರ ಒಂದು ಮೆಸೇಜ್: ‘ಅಣ್ಣಾ ಲಾಂಗ್ ಮಾಡ್ತೀರಾ? ಫಿಲ್ಮ್ ಸ್ಟೈಲ್.’ ಚಾಕು ಮಾಡುವವರ ಸೈಟಿಗೆ ಇದು ಬಂದೇ ಬರುತ್ತದೆ, ತಯಾರಾಗಿರಬೇಕು.

ನಮ್ಮ ಆಯುಧ ಕಾನೂನು 1959ರದು. ಅದರ ನಿಯಮಗಳ ಪಟ್ಟಿಯ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿ, ಚೂರಿಗಳು ಆಯುಧದ ವರ್ಗಕ್ಕೆ ಬರುತ್ತವೆ. ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದವಕ್ಕೆ ವಿನಾಯಿತಿ ಇದೆ. ಅಂದರೆ ಕೊಯ್ತಾ ಎಷ್ಟೇ ಅಗಲ ಇದ್ದರೂ ಅದು ಬೇಸಾಯದ ಉಪಕರಣ. ಅದನ್ನೇ ‘ಲಾಂಗ್’ ಅಂತ ಹೆಸರಿಟ್ಟು, ಕಪ್ಪು ಹಿನ್ನೆಲೆಯಲ್ಲಿ ಸಿಟ್ಟಿನ ಮುಖದವನ ಕೈಗೆ ಕೊಟ್ಟು ಫೋಟೋ ಹಾಕಿದರೆ ನಾವೇ ಅದನ್ನು ಬೇರೆ ಸಾಲಿಗೆ ತಳ್ಳಿದ ಹಾಗೆ. ಹಾಗಾಗಿ ಪ್ರತಿ ವಸ್ತುವಿನ ಮೊದಲ ಸಾಲೇ ಅದರ ಕೆಲಸ: ‘ಕಬ್ಬು ಕಡಿಯಲು’, ‘ಮೇವು ಕೊಯ್ಯಲು’, ‘ತರಕಾರಿ ಹೆಚ್ಚಲು’. ಖಡ್ಗ, ಜಂಬೆ, ಲಾಂಗ್ ಮಾಡುವುದಿಲ್ಲ ಅಂತ ನೇರವಾಗಿ ಬರೆದಿದೆ. ಇದು ಸೈಟು ಹೇಳುವ ಎರಡನೇ ‘ಇಲ್ಲ’.

ಮೂರನೆಯದು ತೆರಿಗೆಯದ್ದು. ಬೇಸಾಯದ ಕೈ ಉಪಕರಣಗಳಾದ ಕುಡಗೋಲು, ಕೊಡಲಿ, ಗುದ್ದಲಿಗಳ ಮೇಲೆ ಜಿಎಸ್‌ಟಿ ಇಲ್ಲ. ಅಡುಗೆ ಚಾಕುವಿಗೆ ಇದೆ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಸಾಮಾನ್ಯವಾಗಿ ನೋಂದಣಿ ಬೇಕು. ಜಮಖಂಡಿಯಿಂದ ಮಹಾರಾಷ್ಟ್ರ ಕೂಗಳತೆ, ಆದರೂ ಗಡಿ ಗಡಿಯೇ. ಸದ್ಯಕ್ಕೆ ‘ಅಡುಗೆ ಚಾಕು ಕರ್ನಾಟಕದೊಳಗೆ ಮಾತ್ರ’ ಅಂತ ಸೈಟಿನಲ್ಲಿದೆ. ನೀವು ಯಾರಿಗಾದರೂ ಇಂಥ ಸೈಟು ಮಾಡಿಕೊಡುವುದಾದರೆ, ಡಿಸೈನ್‌ಗೆ ಮೊದಲು ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಅರ್ಧ ಗಂಟೆ ಕೂರಿಸಿ.

ಕಳಿಸುವುದೂ ಡಿಸೈನೇ. 1898ರ ಅಂಚೆ ಕಾಯ್ದೆಯಲ್ಲೇ, ಸರಿಯಾದ ರಕ್ಷಣೆ ಇಲ್ಲದ ಚೂಪಾದ ಉಪಕರಣ ಕಳಿಸಬಾರದು ಅಂತ ಇತ್ತು. ಈಗ ಆ ಕಾಯ್ದೆ ಹೋಗಿ ಹೊಸದು ಬಂದಿದೆ, ಆದರೆ ಪೊಟ್ಟಣ ಬಿಚ್ಚುವವರ ಬೆರಳು ಅದೇ. ಅಲಗಿಗೆ ಗಟ್ಟಿ ರಟ್ಟಿನ ಎರಡು ಪಟ್ಟಿ, ಅದರ ಮೇಲೆ ಟೇಪು, ತುದಿಗೆ ಬೆಂಡು, ಒಳಗೆ ಅಲುಗಾಡದ ಹಾಗೆ ಪೇಪರು, ಮೇಲೆ ‘ಒಳಗೆ ಚೂಪಾದ ಅಡುಗೆ ಚಾಕು, ಈ ಕಡೆಯಿಂದ ಬಿಚ್ಚಿ’ ಅಂತ ಬಾಣದ ಗುರುತು. ಯಾವ ಕೊರಿಯರ್ ಚಾಕು ಒಯ್ಯುತ್ತದೆ ಅಂತ ಮೊದಲೇ ಕೌಂಟರಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆವು. ಪೊಟ್ಟಣ ಬಿಚ್ಚುವ ರೀತಿಯ ಮೂವತ್ತು ಸೆಕೆಂಡಿನ ವಿಡಿಯೋ ಹುಡುಗನೇ ಮಾಡಿ ಸೈಟಿಗೆ ಹಾಕಿದ. ಇಡೀ ಸೈಟಿನಲ್ಲಿ ಇರುವ ಒಂದೇ ವಿಡಿಯೋ ಅದು.

ಬೀಗದ ಕೈ ಯಾರ ಹತ್ತಿರ?

ನಮ್ಮಂಥ ಐಟಿ ಹುಡುಗರು ಊರವರಿಗೆ ಉಚಿತವಾಗಿ ಸೈಟು ಮಾಡಿಕೊಡುತ್ತೇವೆ. ಡೊಮೇನ್ ನಮ್ಮ ಇಮೇಲಿನಲ್ಲಿ, ಪಾಸ್‌ವರ್ಡ್ ನಮ್ಮ ತಲೆಯಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ ನಾವು ಬೇರೆ ದೇಶದಲ್ಲಿ ಇರುತ್ತೇವೆ, ಸೈಟು ಸತ್ತಿರುತ್ತದೆ. ಹಾಗಾಗಬಾರದು ಅಂತ ಡೊಮೇನನ್ನು ಮೊದಲ ದಿನವೇ ಹುಡುಗನ ಹೆಸರಿನಲ್ಲಿ, ಅವನ ಇಮೇಲಿನಲ್ಲಿ, ಅವನದೇ ದುಡ್ಡಿನಲ್ಲಿ ಕೊಳ್ಳಿಸಿದೆ. ನವೀಕರಿಸುವ ತಾರೀಖು ಕುಲುಮೆಯ ಗೋಡೆಯ ಕ್ಯಾಲೆಂಡರಿನಲ್ಲೇ ಕೆಂಪು ಪೆನ್ನಿನಲ್ಲಿ ಬರೆದಿದೆ. ಸೈಟು ಬರೀ ಸ್ಥಿರ ಪುಟಗಳು, ಡೇಟಾಬೇಸ್ ಇಲ್ಲ, ಹಾಗಾಗಿ ಉಚಿತ ಹೋಸ್ಟಿಂಗ್ ಸಾಕು, ಕೆಡುವಂಥದ್ದೂ ಕಡಿಮೆ. ಎಷ್ಟು ಚಾಕು ಉಳಿದಿವೆ ಅನ್ನುವ ಸಂಖ್ಯೆ, ಬೆಲೆ ಎರಡೂ ಒಂದು ಗೂಗಲ್ ಶೀಟ್‌ನಿಂದ ಬರುತ್ತವೆ. ಅಲ್ಲಿ ಅಂಕಿ ಬದಲಿಸಿದರೆ ಇಲ್ಲಿ ಬದಲಾಗುತ್ತದೆ. ಇದನ್ನು ಕಾಕಾನ ಮಗಳು, ಹತ್ತನೇ ತರಗತಿಯವಳು, ಹತ್ತು ನಿಮಿಷದಲ್ಲಿ ಕಲಿತಳು.

ಇನ್ನೊಂದು ಕೆಲಸ ಕೋಡಿಗೆ ಸಂಬಂಧಿಸಿದ್ದಲ್ಲ, ಆದರೆ ಸೈಟಿಗಿಂತ ಹೆಚ್ಚು ನೆರವಾಯಿತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಅರ್ಜಿ ಹಾಕುವುದು ಸಾಮಾನ್ಯ ಸೇವಾ ಕೇಂದ್ರದಲ್ಲಿ, ಪರಿಶೀಲನೆ ಗ್ರಾಮ ಪಂಚಾಯಿತಿಯಿಂದ. ಕಾಕಾನಿಗೆ ಬೇಕಾಗಿದ್ದು ಒಂದು ಒಳ್ಳೆಯ ಸಾಣೆ ಯಂತ್ರ. ತಿಂಗಳಿಗೆ 8 ಅನ್ನುವುದು 12 ಆಗಬೇಕಾದರೆ ನನ್ನ ಕೋಡಿಗಿಂತ ಅದು ಮುಖ್ಯ. ಅರ್ಜಿ ಹಾಕಿದ್ದಾರೆ.

ಈಗ ಲೆಕ್ಕ. ಮೊದಲ ತಿಂಗಳು ಸೈಟಿನಿಂದ ಹೋದದ್ದು 3 ಚಾಕು. ಅದರಲ್ಲಿ ಎರಡು ನನ್ನ ಟೀಮಿನವರೇ ಕೊಂಡಿದ್ದು. ನಾಲ್ಕನೇ ತಿಂಗಳು 8ಕ್ಕೆ 8 ಬುಕ್ ಆಗಿ, ಸೈಟು ಮೊದಲ ಸಲ ‘ಇಲ್ಲ’ ಅಂದಿತು. ಹುಡುಗ ಅದರ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಇಟ್ಟಿದ್ದ. ಚಾಕಣದ ಸಂಬಳಕ್ಕೆ ಇದು ಇನ್ನೂ ಸಮ ಇಲ್ಲ, ಆ ಮಾತು ಮುಚ್ಚಿಡುವಂಥದ್ದಲ್ಲ. ‘ಬರೂ ಖಂಡೇಪೂಜೀತನ ನೋಡ್ತೀನಿ ಅಣ್ಣಾ’ ಅಂದಿದ್ದಾನೆ. ಕಂಪನಿಯವರಿಗೂ ಹಾಗೇ ಹೇಳಿದ್ದಾನಂತೆ. ಸದ್ಯ ಬೆಳಗ್ಗೆ ಸಾಣೆ, ಮಧ್ಯಾಹ್ನ ವಾಟ್ಸ್ಆ್ಯಪ್, ಸಂಜೆ ಅಪ್ಪನ ಜೊತೆ ಚಮ್ಮಟಿಗೆ.

ಹಬ್ಬಕ್ಕೆ ಊರಿಗೆ ಹೋದಾಗ ನಿಮಗೂ ಯಾರಾದರೂ ಕೇಳಬಹುದು. ರಬಕವಿಯ ನೇಕಾರರು, ಮಹಾಲಿಂಗಪುರದ ಬೆಲ್ಲದವರು, ರೊಟ್ಟಿ ಮಾಡಿ ಕಳಿಸುವ ನಿಮ್ಮದೇ ಚಿಗವ್ವ, ‘ತಮ್ಮಾ, ನಮಗೂ ಒಂದು ವೆಬ್‌ಸೈಟ್’ ಅಂತ. ಆಗ ಬಣ್ಣ ಯಾವುದು, ಟೆಂಪ್ಲೇಟ್ ಯಾವುದು ಅಂತ ಶುರು ಮಾಡಬೇಡಿ. ‘ತಿಂಗಳಿಗೆ ಎಷ್ಟು ಮಾಡಾಕ ಆಗತೈತಿ?’ ಅಂತ ಕೇಳಿ. ಆ ಸಂಖ್ಯೆ ಸಿಕ್ಕರೆ ಮುಖಪುಟದ ಮೊದಲ ಸಾಲು ಸಿಕ್ಕಿತು. ಉಳಿದದ್ದನ್ನು ಎರಡು ದಿನದಲ್ಲಿ ಬರೆಯಬಹುದು.